ರೊಟ್ಟಿ ಬಡಿಯುವವರ ಕುರ್ಚಿ

ಯಾವ ಮನೆಗೆ ಅಡುಗೆಮನೆಯ ಅಳತೆ ತೆಗೆಯಲು ಹೋದರೂ, ಟೇಪು ಬಿಚ್ಚುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಊಟಕ್ಕೆ ಎಷ್ಟು ಮಂದಿ ಕೂಡುತ್ತೀರಿ? ಕಪಾಟು, ಕಟ್ಟೆ, ಫ್ರಿಜ್, ಮಿಕ್ಸರ್ ಎಲ್ಲ ಆಮೇಲೆ. ಸೇಡಂನ ಆ ಮನೆಯಲ್ಲೂ ಅದನ್ನೇ ಕೇಳಿದೆ. ಮಗ, ಸೊಸೆ, ಅವರ ಇಬ್ಬರು ಹೆಣ್ಣುಮಕ್ಕಳು, ಮಗನ ತಾಯಿ, ಎಲ್ಲರೂ ನನ್ನ ಸುತ್ತಲೇ ನಿಂತಿದ್ದರು.

“ನಾಲ್ಕ್ ಮಂದಿರಿ. ನಾಲ್ಕ್ ಕುರ್ಚಿ ಟೇಬಲ್ ಆಗಲೇ ನೋಡಿ ಇಟ್ಟೀನಿ,” ಎಂದ ಮಗ. ಸೊಸೆ ಹೂಂಗುಟ್ಟಿದಳು. ತಾಯಿಯೂ “ಹೌದವ್ವಾ, ನಾಲ್ಕ್ ಬರೋಬ್ಬರಿ ಆಗ್ತಾವ” ಎಂದರು. ನಾನೂ ನಾಲ್ಕು ಎಂದು ಬರೆದುಕೊಂಡೆ. ಅಲ್ಲಿದ್ದ ಯಾರಿಗೂ ಆ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ.

ನನ್ನ ಅಂಗಡಿ ವಾಡಿಯಲ್ಲಿದೆ. ನಾನು ಮತ್ತು ನಮ್ಮ ಬಡಗಿ ಉಸ್ತಾದರು ಸೇರಿ ಅಡುಗೆಮನೆ ಕಟ್ಟಿಕೊಡುತ್ತೇವೆ. ಬಾಯಿ ನನ್ನದು, ಕೈ ಅವರದು ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಾರೆ, ಅದು ಸುಳ್ಳೂ ಅಲ್ಲ. ಈ ಮನೆಯ ಕೆಲಸ ನೋಡಲು ಸರಳವಾಗಿತ್ತು. ಮಗ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುವವನು, ಸೊಸೆ ದವಾಖಾನೆಯಲ್ಲಿ ನರ್ಸ್. ಒಬ್ಬರು ಚಪ್ಪಲಿ ಬಿಡುವಾಗ ಇನ್ನೊಬ್ಬರು ಮೆಟ್ಟುವ ಮನೆ ಅದು. ಸೊಸೆಗೆ ಬೇಕಾಗಿದ್ದದ್ದು ಪಾತ್ರೆ ತೊಳೆಯುವ ಯಂತ್ರ. “ದವಾಖಾನ್ಯಾಗ ದಿನಾ ಪೂರಾ ಕೈ ತೊಳೀತೀನ್ರಿ. ಮನಿಗಿ ಬಂದು ಮತ್ತ ಭಾಂಡಿ ತಿಕ್ಕಿದ್ರ ಚರ್ಮಾನೇ ಸುಲೀತದ,” ಎಂದು ಅಂಗೈ ತೋರಿಸಿದಳು. ಗಾಜಿನ ಮೇಲ್ಮೈಯ ಮೂರು ಬರ್ನರಿನ ಒಲೆ, ಚಿಮಣಿ, ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರ್ ಎಲ್ಲ ಮಗನ ಆಸೆ.

ನಿಮಗೇನು ಬೇಕು ಎಂದು ತಾಯಿಯನ್ನು ಕೇಳಿದೆ. ಉತ್ತರ ಮಗನೇ ಕೊಟ್ಟ. ಆಕೆಯ ಮೊಣಕಾಲು ಸವೆದಿವೆ, ಇನ್ನು ನೆಲಕ್ಕೆ ಕೂಡ್ರಬಾರದು, ಹೆಚ್ಚು ಹೊತ್ತು ನಿಲ್ಲಲೂಬಾರದು ಎಂದು ಡಾಕ್ಟರು ಹೇಳಿದ್ದರಂತೆ. “ಹಂಗಾಗಿ ಅವ್ವನ ರೊಟ್ಟಿ ಇನ್ನ ಬಂದ್ ರಿ. ಕರೆಂಟಿನ ರೊಟ್ಟಿ ಮಷಿನ್ ತರಸ್ತೀನಿ. ಇಲ್ಲಾಂದ್ರ ಪ್ಯಾಟ್ಯಾಗ ಬೇಕಾದಷ್ಟು ರೊಟ್ಟಿ ಸಿಗ್ತಾವ. ಆಕಿ ಆರಾಮ ಇರ್ಲಿ.”

ಅವನು ಪ್ರೀತಿಯಿಂದಲೇ ಹೇಳಿದ್ದ. ಆದರೆ ನಾನು ಹೊರಟಾಗ ತಾಯಿ ಗೋಡೆ ಹಿಡಿದುಕೊಂಡು ಗೇಟಿನವರೆಗೂ ಬಂದರು. ಮೊಮ್ಮಕ್ಕಳು ಅವರನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದ್ದೆ.

“ಯವ್ವಾ, ನಂಗ ಓದ್ಲಿಕ್ಕ ಬರಲ್ಲ, ಮಷಿನ್ ಗಿಷಿನ್ ನಡಸ್ಲಿಕ್ಕ ಬರಲ್ಲ. ರೊಟ್ಟಿ ಬಡೀಲಿಕ್ಕ ಬರ್ತದ. ಅದೂ ಹೋತಂದ್ರ ನಾ ಈ ಮನ್ಯಾಗ ಕುಂತು ತಿನ್ನಾಕಿ ಆಗ್ತೀನಿ,” ಎಂದು ನನ್ನ ಕೈ ಹಿಡಿದರು. “ಎಳ್ಳ ಅಮಾಸಿಗಿ ಆಡಕಿ ಹೊಲಕ್ಕ ನನ್ನ ಕೈಯಿನ ಸಜ್ಜಿ ರೊಟ್ಟಿ ಹೋಗಬೇಕು. ಏನಾರ ಮಾಡು.”

ಆಡಕಿ ಅವರ ಹೊಲವಿರುವ ಹಳ್ಳಿ. ನಮ್ಮ ಭಾಗದಲ್ಲಿ ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗದ ಮನೆಯೇ ಇಲ್ಲ. ಆ ದಿನ ಪೇಟೆಯ ರೊಟ್ಟಿ ಒಯ್ಯುವುದೆಂದರೆ ಮಾತಾಡಿಕೊಳ್ಳುವವರಿಗೆ ವರ್ಷಕ್ಕಾಗುವಷ್ಟು ಮೇವು ಒದಗಿಸಿದಂತೆ. ನಾನು ಹಿಂದೆಮುಂದೆ ನೋಡದೆ, “ಆಯಿ, ಕುರ್ಚಿ ಮ್ಯಾಲ ಕುಂತು ಬಡಿಯೂ ಹಂಗ ಮಾಡಿಕೊಡ್ತೀನಿ, ಹಬ್ಬದೊಳಗ” ಎಂದು ಮಾತು ಕೊಟ್ಟುಬಿಟ್ಟೆ. ರೈಲು ಹತ್ತಿದ ಮೇಲೆ ಅದು ಹೇಗೆ ಎಂಬ ಯೋಚನೆ ಬಂತು. ನನ್ನ ಸ್ವಭಾವವೇ ಹಾಗೆ.

ನೆಲದ ಮೇಲೆ ಕೂತು ಬಡಿಯುವವರ ಬಲ ಬರೀ ಕೈಯದಲ್ಲ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ, ಸೊಂಟದಿಂದ ಮುಂದಕ್ಕೆ ಬಾಗಿದಾಗ ಮೈಭಾರ ಭುಜದಿಂದ ಅಂಗೈಗೆ ಇಳಿಯುತ್ತದೆ. ಕುರ್ಚಿಯ ಮೇಲೆ ಆ ಭಾರವನ್ನು ತರುವುದು ಕಾಗದದ ಮೇಲೆ ಗೀಚಿದರೆ ತಿಳಿಯುವಂಥದ್ದಲ್ಲ. ಹಿಟ್ಟು, ಹಂಚು ಸಮೇತ ಆಯಿಯನ್ನು ಅಂಗಡಿಗೇ ಕರೆದುಕೊಂಡು ಬರಲು ಸೊಸೆಗೆ ಫೋನ್ ಮಾಡಿದೆ.

ಆಯಿ ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟು ವಾಡಿ ಸ್ಟೇಷನ್ನಿನಲ್ಲಿ ಇಳಿದರು. ಮೊದಲು ನಮ್ಮ ಮಾದರಿ ಕಟ್ಟೆಯ ಮುಂದೆ ಎತ್ತರದ ಸ್ಟೂಲ್ ಹಾಕಿ ಕೂರಿಸಿದೆ. ಎಲ್ಲ ಕಟ್ಟೆಗಳಂತೆ ಅದೂ ಸೊಂಟದ ಎತ್ತರದ್ದು. ಕಾಲು ಗಾಳಿಯಲ್ಲಿ ಜೋತಾಡಿದವು, ಏಟಿನಲ್ಲಿ ಜೀವ ಬರಲಿಲ್ಲ. “ಗಿಡದ ಮ್ಯಾಲ ಕುಂತು ಬಡದಂಗ ಆಗ್ಲಿಕತ್ತದ ನೋಡವ್ವಾ,” ಎಂದು ಆಯಿ ಇಳಿದರು.

ಅಂಗಡಿಯ ಮೂಲೆಯಲ್ಲಿ ಗ್ರೈಂಡರ್ ಇಡುವುದಕ್ಕೆಂದು ಇಟ್ಟಿಗೆ ಕಟ್ಟಿ, ಮೇಲೆ ಶಹಾಬಾದ್ ಕಲ್ಲು ಹಾಸಿದ ತಗ್ಗು ಕಟ್ಟೆಯೊಂದಿತ್ತು. ಗ್ರೈಂಡರ್ ಎತ್ತಿಟ್ಟು ಅಲ್ಲಿಗೆ ನನ್ನದೇ ಗಾಲಿಕುರ್ಚಿ ಎಳೆದೆ. ಮೆತ್ತನೆಯ ಕುರ್ಚಿ, ಎತ್ತರ ಏರಿಸಬಹುದು ಇಳಿಸಬಹುದು, ಇದಕ್ಕಿಂತ ಬೇರೆ ಏನು ಬೇಕು ಎಂದುಕೊಂಡಿದ್ದೆ. ಆಯಿ ಮೊದಲ ಏಟು ಹಾಕಿದರು, ಕುರ್ಚಿ ಒಂದು ಗೇಣು ಹಿಂದೆ ಹೋಯಿತು. ಎರಡನೆಯ ಏಟಿಗೆ ಇನ್ನೂ ಹಿಂದೆ. ಮೂರನೆಯದಕ್ಕೆ ಕೈ ಕಟ್ಟೆಗೆ ಮುಟ್ಟಲೇ ಇಲ್ಲ. ಸೊಸೆ ನಕ್ಕು ನಕ್ಕು ಅಲ್ಲೇ ಫ್ರಿಜ್ಜಿನ ಡಬ್ಬಿಗೆ ಒರಗಿದಳು.

“ಏ, ಈ ಕುರ್ಚಿ ನನ್ನ ತವರುಮನಿಗಿ ಒಯ್ಲಿಕತ್ತದ. ಚಿಂಚೋಳಿ ಬಂದ್ರ ಹೇಳ್ರಿ, ಇಳೀತೀನಿ,” ಎಂದರು ಆಯಿ.

ಕೊನೆಗೆ ಉಸ್ತಾದರು ತಾವು ಊಟಕ್ಕೆ ಕೂಡುವ ಹಳೆಯ ಸಾಗವಾನಿ ಕುರ್ಚಿ ತಂದಿಟ್ಟರು. ಕೈಗಳಿಲ್ಲದ, ತಗ್ಗಾದ, ಇಬ್ಬರು ಹಿಡಿದರೂ ಎತ್ತಲು ಒಜ್ಜೆಯಾಗುವ ಕುರ್ಚಿ. ಅದರಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಆಯಿ ಬಾಗಿ ಬಡಿದರು. ರೊಟ್ಟಿ ಅಂಗೈ ಕೆಳಗೆ ಗರಗರ ತಿರುಗಿ ಹರಡಿತು. ಪಕ್ಕದ ಅಂಗಡಿಯವರು ಒಬ್ಬೊಬ್ಬರಾಗಿ ಬಂದರು. ಯಾರೋ ಪುಂಡಿಪಲ್ಯ ತಂದರು, ಯಾರೋ ಶೇಂಗಾ ಹಿಂಡಿ. ಅವತ್ತು ವ್ಯಾಪಾರ ಸೊನ್ನೆ, ಊಟ ಮಾತ್ರ ಮಸ್ತಾಗಿತ್ತು. ನಾನು ಕುರ್ಚಿಯ ಎತ್ತರ, ಕಟ್ಟೆಯ ಎತ್ತರ, ಹಂಚಿನವರೆಗೆ ಆಯಿಯ ಕೈ ಎಷ್ಟು ದೂರ ಹೋಗುತ್ತದೆ ಎಂಬುದನ್ನೆಲ್ಲ ಅಳೆದುಕೊಂಡೆ. ಅರ್ಧ ಕೆಲಸ ಮುಗಿಯಿತೆಂದು ಉಬ್ಬಿಹೋದೆ.

ಸೇಡಂನಲ್ಲಿ ಹಳೆಯ ಕಟ್ಟೆ ಒಡೆದು ಕೆಲಸ ಶುರುವಾಯಿತು. ಮನೆಯವರು ಅಂಗಳದಲ್ಲಿ ಒಂದು ಬರ್ನರಿನ ಕಬ್ಬಿಣದ ಒಲೆ ಇಟ್ಟುಕೊಂಡು ಅಡುಗೆ ನಡೆಸಿದರು. ಕಿಟಕಿಯ ಕೆಳಗಿನ ಜಾಗವನ್ನು ನಾನು ಆಯಿಗೆಂದು ತಗ್ಗಿಸಿದೆ. ನೀರಿನ ಪೈಪು ಬರುವುದೂ ಅಲ್ಲಿಗೇ, ಆದ್ದರಿಂದ ಅದರ ಪಕ್ಕದಲ್ಲೇ ಸೊಸೆಯ ಪಾತ್ರೆ ಯಂತ್ರ. ಮಗನ ಡ್ರಾಯರುಗಳನ್ನೂ ಬಿಡಲು ಮನಸ್ಸಾಗದೆ, ಆಯಿಯ ಕಟ್ಟೆಯ ಕೆಳಗೆ ಪ್ಲೈವುಡ್ ಪೆಟ್ಟಿಗೆ ಮಾಡಿ ಅಲ್ಲೇ ಮೂರು ಡ್ರಾಯರ್ ಕೂರಿಸಿದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಹಾಗೆ. ಮೇಲೆ ಪಾಲಿಶ್ ಮಾಡಿದ ಕಲ್ಲು ಹಾಸಿ, ಉಸ್ತಾದರು ಹೊಸದಾಗಿ ಮಾಡಿದ ಸಾಗವಾನಿ ಕುರ್ಚಿ ಹಾಕಿ ನೋಡಿದರೆ, ಫೋಟೊ ತೆಗೆಯುವ ಹಾಗಿತ್ತು. ತೆಗೆದೂ ಬಿಟ್ಟೆ.

ಮರುದಿನ ಆಯಿ ಕುದಿಯುವ ನೀರು ಹಾಕಿ ಹಿಟ್ಟು ನಾದಿದರು. ಏನೂ ತೊಂದರೆ ಆಗಲಿಲ್ಲ. ಉಂಡೆ ತಟ್ಟಿ ಮೊದಲ ಏಟು ಹಾಕಿದರು ನೋಡಿ, ಇಡೀ ಕಟ್ಟೆ ಢಂ ಎಂದಿತು. ಎರಡು, ಮೂರು, ನಾಲ್ಕು. ಮೇಲಿನ ಡ್ರಾಯರ್ ಮೆಲ್ಲಗೆ ಹೊರಗೆ ಬಂದು ಆಯಿಯ ಹೊಟ್ಟೆಗೆ ತಾಗಿತು. ಅದನ್ನು ಮುಚ್ಚಿದರೆ ಕೆಳಗಿನದು ಬಂತು. ಚಮಚಗಳು ಝಣಝಣ, ಆ ಕಡೆ ಇಟ್ಟಿದ್ದ ಮಿಕ್ಸರ್ ತಾನೇ ಅಂಚಿಗೆ ನಡೆಯತೊಡಗಿತು. ಮೊಮ್ಮಕ್ಕಳಿಬ್ಬರೂ ಆ ತಾಳಕ್ಕೆ ಕುಣಿದರು. ನನಗೂ ನಗು ತಡೆಯಲಾಗಲಿಲ್ಲ, ಆದರೆ ಆಯಿ ನಗಲಿಲ್ಲ. ಹಿಟ್ಟಿನ ಕೈ ತೊಡೆಯ ಮೇಲೆ ಇಟ್ಟುಕೊಂಡರು.

“ಕುಣೀಲಾರದಾಕಿ ನೆಲ ಡೊಂಕ ಅಂದಳಂತ. ಹಂಗ ಅನ್ಕೋಬ್ಯಾಡ. ಇದು ರೊಟ್ಟಿ ಬಡಿಯೂ ಜಾಗ ಅಲ್ಲ ಯವ್ವಾ, ಡೊಳ್ಳು ಬಡಿಯೂ ಜಾಗ,” ಎಂದರು.

ಅಂಗಡಿಯ ಕಟ್ಟೆ ಇಟ್ಟಿಗೆಯದು, ಒಳಗೆ ಗಟ್ಟಿ. ಇದು ಟೊಳ್ಳು. ಏಟು ಕೆಳಗಿಳಿದು ನೆಲ ಸೇರದೆ ಪೆಟ್ಟಿಗೆಯೊಳಗೇ ಸುತ್ತುತ್ತಿತ್ತು. ಉಸ್ತಾದರು ಡ್ರಾಯರುಗಳಿಗೆ ಅಯಸ್ಕಾಂತದ ಚಿಲಕ ಹಾಕಿದರು. ಡ್ರಾಯರ್ ನಿಂತವು, ಸದ್ದು ನಿಲ್ಲಲಿಲ್ಲ. ಕಲ್ಲಿನ ಕೆಳಗೆ ರಬ್ಬರ್ ಹಾಳೆ ಕೊಟ್ಟೆವು. ಸದ್ದು ತಗ್ಗಿತು, ಆದರೆ ಕಲ್ಲು ಏಟನ್ನು ನುಂಗಿತು. ರೊಟ್ಟಿ ಹರಡದೆ ಅಂಚು ಸೀಳಿತು. ಮಗ ಬಾಗಿಲಲ್ಲಿ ನಿಂತು ನೋಡಿ, “ಅವ್ವಾ, ಸಾಕು ಬಿಡು. ನಾ ಮಷಿನ್ ತರ್ತೀನಿ, ಹಬ್ಬಾನೂ ಹತ್ರ ಬಂತು” ಎಂದ. ಆಯಿ ಹೂಂ ಎಂದರು. ಆ ಹೂಂ ಕೇಳಿ, ಕೊಟ್ಟ ಮಾತು ಉಳಿಯಲಿಕ್ಕಿಲ್ಲ ಎಂದು ನಿಜಕ್ಕೂ ಹೆದರಿದೆ.

ಮರುದಿನ ಬೆಳಿಗ್ಗೆ ನಾನೂ ಉಸ್ತಾದರೂ ಡ್ರಾಯರ್ ಬಿಚ್ಚಿ ಹರವಿಕೊಂಡು, ನಿಮ್ಮ ತಪ್ಪು ನನ್ನ ತಪ್ಪು ಎಂದು ವಾದಿಸುತ್ತ ಕೂತಿದ್ದೆವು. ಆಗ ಹೊರಗಿನಿಂದ ಪಟ್ ಪಟ್ ಪಟ್ ಎಂಬ ಸದ್ದು ಬಂತು. ಢಂ ಅಲ್ಲ, ಒಡಕಿಲ್ಲದ ಸ್ವಚ್ಛ ಪಟ್ ಪಟ್. ಇಬ್ಬರೂ ಎದ್ದು ಅಂಗಳಕ್ಕೆ ಓಡಿದೆವು.

ಅಂಗಳಕ್ಕೆ ಹಾಸಲೆಂದು ಶಹಾಬಾದಿನಿಂದ ತರಿಸಿದ್ದ ಫರಸಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ಒಂದು ರಾಶಿ ತಗ್ಗು, ಒಂದು ಎತ್ತರ. ಆಯಿ ತಗ್ಗಿನ ರಾಶಿಯ ಮೇಲೆ ಗೋಣಿಚೀಲ ಮಡಚಿ ಹಾಕಿ ಕೂತು, ಎತ್ತರದ್ದರ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಎಡಗೈಗೆ ಕಬ್ಬಿಣದ ಒಲೆ. ರಾಶಿಯ ಇನ್ನೊಂದು ತುದಿಯಲ್ಲಿ ಮೊಮ್ಮಕ್ಕಳು ಕಲ್ಲಿನ ಮೇಲೇ ತಾಟು ಇಟ್ಟುಕೊಂಡು ತಿನ್ನುತ್ತಿದ್ದರು. ಕೆಲಸಕ್ಕೆ ಹೊರಟಿದ್ದ ಸೊಸೆ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಒಂದು ತುತ್ತು, ಆಗಷ್ಟೇ ಪಾಳಿ ಮುಗಿಸಿ ಬಂದ ಮಗ ಹೆಲ್ಮೆಟ್ ಕಂಕುಳಲ್ಲಿಟ್ಟು ಒಂದು ತುತ್ತು. ಹಂಚಿನಿಂದ ಇಳಿದ ರೊಟ್ಟಿ ತಣ್ಣಗಾಗಲು ಪುರುಸೊತ್ತೇ ಇರಲಿಲ್ಲ.

“ನೀವ್ ಬರ್ರಿ ಉಸ್ತಾದ್, ಕುಂದ್ರಿ. ಇಲ್ಲಿ ಬಡೀಲಿಕ್ಕ ಕೈ ಹತ್ತೇದ,” ಎಂದು ಆಯಿ ಕರೆದರು.

ನಾನು ಟೇಪು ಬಿಚ್ಚಿ ಆಯಿಯ ಕಾಲ ಬಳಿ ಕೂತೆ. ಎರಡೂ ರಾಶಿಗಳ ಎತ್ತರ ಅಂಗಡಿಯಲ್ಲಿ ಅಳೆದದ್ದಕ್ಕೆ ಹೆಚ್ಚುಕಡಿಮೆ ಸಮ. “ಏ, ಟೇಪ್ ತೆಗಿಯವ್ವಾ, ಹಿಟ್ಟಾಗ್ತದ,” ಎಂದು ಗದರಿದರು. ಗದರಿದಾಗಲೂ ಮುಖದಲ್ಲಿ ನಗೆ ಇತ್ತು. ನೆಲ ಮುಟ್ಟುವವರೆಗೆ ಗಟ್ಟಿ ಕಲ್ಲು, ಅದೇ ಕಲ್ಲಿನ ಮೇಲೆ ಊಟ. ಮನೆಯೊಳಗೆ ಇದನ್ನೇ ಕಟ್ಟಬೇಕು ಎಂದು ನಾನು ಅಲ್ಲೇ ಕೂತು ತೀರ್ಮಾನಿಸಿದೆ.

ಸೊಸೆ ಹೊರಡುವ ಮುನ್ನ, “ಅತ್ತೀ, ನೀವೂ ಒಂದು ತುತ್ತು ತಿನ್ರಿ,” ಎಂದಳು. “ನೀವು ಉಣ್ರಿ, ನಾ ಆಮ್ಯಾಲ,” ಎಂದರು ಆಯಿ, ತಲೆ ಎತ್ತದೆ. ಎಷ್ಟು ರೂಢಿಯಾದ ಮಾತೆಂದರೆ ಯಾರೂ ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ನನಗೆ ಮಾತ್ರ ಮೊದಲ ದಿನದ ನಾಲ್ಕು ಕುರ್ಚಿ ನೆನಪಾದವು. ಮಗ, ಸೊಸೆ, ಇಬ್ಬರು ಮಕ್ಕಳು. ನಮ್ಮ ಕಡೆ ರೊಟ್ಟಿ ಬಡಿಯುವವರನ್ನು ಉಣ್ಣುವವರ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ, ಬಡಿಯುವವರೂ ಹಿಡಿಯುವುದಿಲ್ಲ. ಎಲ್ಲರದೂ ಆದ ಮೇಲೆ ಉಳಿದ, ಆರಿದ ರೊಟ್ಟಿ ಅವರ ಪಾಲಿಗೆ. ನನ್ನ ಮನೆಯಲ್ಲಿ ನಾನೂ ಹಿಡಿದಿಲ್ಲ.

ಮಗನಿಗೆ ಹೇಳಿದಾಗ ಅವನು ಹೌಹಾರಿದ. “ಪಾಲಿಶ್ ಆಗಿ ಕುಂತಿದ್ದು ಒಡೀತೀರಾ? ಹಬ್ಬ ಮುಂದ ನಿಂತದ.”

“ತಪ್ಪು ನಂದು, ಒಡಿಯೂದೂ ನಾನೇ. ನಿಮ್ಮ ಕುರ್ಚಿ ಟೇಬಲ್ ಮಾತ್ರ ತರಬ್ಯಾಡ್ರಿ, ಜಾಗ ಇರಲ್ಲ,” ಎಂದೆ. ತೊಂದರೆ ಇದ್ದದ್ದು ಪಾತ್ರೆ ಯಂತ್ರದ್ದು. ಗಟ್ಟಿ ಕಲ್ಲಿನ ಕಂಬ ಎದ್ದರೆ ಅದಕ್ಕೆ ಕಿಟಕಿಯ ಕೆಳಗೆ ಜಾಗ ಉಳಿಯುವುದಿಲ್ಲ. ಸೊಸೆಯ ಅಂಗೈ ನೆನಪಾಯಿತು. ಆಕೆ ಸಂಜೆ ಬಂದು ವಿಷಯ ಕೇಳಿದವಳೇ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಭಾಂಡೆ ತಿಕ್ಕುವ ಕಟ್ಟೆ, ನಲ್ಲಿ, ಮೇಲೆ ತಗಡಿನ ಮಾಡು, ಎಲ್ಲ ಇದ್ದವು. “ಮುಸುರಿ ಭಾಂಡಿ ಇಲ್ಲಿಗೇ ಬರ್ತಾವ್ರಿ. ಮಷಿನ್ ಇಲ್ಲೇ ಇಡ್ರಿ. ಅಡಗಿಮನ್ಯಾಗ ಯಾಕ ಬೇಕದು?” ಎಂದಳು. ನನಗೆ ಆಕೆಯನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ. ನಮ್ಮ ಕಡೆಯ ನೀರಿನಲ್ಲಿ ಸುಣ್ಣ ಹೆಚ್ಚು. ಯಂತ್ರಕ್ಕೆ ಉಪ್ಪು ತುಂಬಿ, ನೀರಿನ ಗಡಸುತನಕ್ಕೆ ತಕ್ಕಂತೆ ಹೊಂದಿಸದಿದ್ದರೆ ಸ್ಟೀಲಿನ ಮೇಲೆ ಬಿಳಿ ಕಲೆ ಕೂಡುತ್ತದೆ ಎಂದು ತೋರಿಸಿಕೊಟ್ಟೆ. ಮಳೆಯ ಇರಚಲು ಬೀಳದಂತೆ ಉಸ್ತಾದರು ಅದಕ್ಕೊಂದು ಗೂಡು ಕಟ್ಟಿದರು.

ಆಮೇಲಿನ ಕೆಲಸ ಓಡಿದಂತೆ ನಡೆಯಿತು. ಅಂಗಳದ ಫರಸಿಯನ್ನೇ ಒಳಗೆ ತಂದು, ಸಿಮೆಂಟಿನಲ್ಲಿ ಒಂದರ ಮೇಲೊಂದು ಕೂರಿಸಿ ಎರಡು ಕಂಬ ಎಬ್ಬಿಸಿದೆವು. ಅವುಗಳ ಮೇಲೆ ದಪ್ಪನೆಯ ಉದ್ದ ಕಲ್ಲು. ಕಿಟಕಿ ಕಡೆಯ ತುದಿ ಬಡಿಯಲು, ಉಳಿದದ್ದು ಉಣ್ಣಲು. ಕಲ್ಲಿನ ಮೇಲೆ ಒಲೆ ಇಟ್ಟರೆ ಕೂತವರಿಗೆ ಹಂಚು ಎದೆಯ ಮಟ್ಟಕ್ಕೆ ಬರುತ್ತದೆ, ಹಾಗಾಗಿ ಒಲೆಯ ಜಾಗವನ್ನು ತಗ್ಗಿಸಿ ಬರ್ನರನ್ನು ಕಲ್ಲಿಗೆ ಸಮ ಮಾಡಿದೆ. ನಮ್ಮ ಕಲ್ಲು ಏಟಿಗೆ ಜಗ್ಗದು, ಆದರೆ ಕಾದ ಹಂಚನ್ನು ನೇರ ಇಟ್ಟರೆ ಪದರು ಬಿಡುತ್ತದೆ. ಅದಕ್ಕೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟೆ. ಗಾಜಿನ ಒಲೆ ಸೊಸೆಯ ಎತ್ತರದ ಕಟ್ಟೆಗೆ ಹೋಯಿತು. ಇಷ್ಟು ಅಗಲದ ರೊಟ್ಟಿ ಹಂಚಿಗೆ ಅದು ಹೇಳಿ ಮಾಡಿಸಿದ್ದಲ್ಲ, ಗಾಜು ಸಿಡಿದೀತು. ಆಯಿಗೆ ಅಂಗಳದ ಕಬ್ಬಿಣದ ಒಲೆಯೇ ಬಂತು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ನಿಲ್ಲುತ್ತದೆ. ತಗ್ಗಿನ ಒಲೆಗೆ ಅದು ಅಪಾಯ. ಸಿಲಿಂಡರನ್ನು ಹೊರಗಿಟ್ಟು ತಾಮ್ರದ ಪೈಪು ಎಳೆಸಿ, ಗೋಡೆಯ ಬುಡದಲ್ಲಿ ಗ್ಯಾಸ್ ಹೊರಹೋಗಲು ಜಾಲರಿ ಕಿಂಡಿ ಕೊರೆಸಿದ ಮೇಲೆಯೇ ನನಗೆ ನಿದ್ದೆ ಬಂದದ್ದು.

ಊಟದ ಕಡೆಗೆ ತಗ್ಗು ಬೆಂಚು. ಮೊಣಕಾಲು ಗಲ್ಲಕ್ಕೆ ಬರುತ್ತವೆ ಎಂದು ಮಗ ಮೊದಲು ಗೊಣಗಿದ. ಚಿಕ್ಕ ಮಗಳ ಕಾಲು ಮಾತ್ರ ಮೊದಲ ಸಲ ನೆಲ ಮುಟ್ಟಿದವು. ನಾನು ಸುಣ್ಣದಕಡ್ಡಿಯಿಂದ ಕೂಡುವ ಜಾಗ ಗುರುತು ಹಾಕಿದೆ. ಆಯಿ ಎಣಿಸಿದರು.

“ಐದ್ಯಾಕ? ನಾಲ್ಕ್ ಮಂದಿ ಅಲ್ಲೇನು?”

“ಐದನೇದು ನಿಮ್ಮದು ಆಯಿ.”

“ಹುಚ್ಚಿದ್ದಿ. ನಾ ಬಡಿಯೂ ಮುಂದ ಹೆಂಗ ಉಣ್ಲಿ? ನಂಗೇನ್ ನಾಲ್ಕ್ ಕೈ ಅವಾ?”

ಆಯಿ ಹೇಳಿದ್ದು ಖರೇ. ಕುರ್ಚಿ, ಕಲ್ಲು, ಒಲೆ ಎಲ್ಲ ನನ್ನ ಕೈಯಲ್ಲಿತ್ತು, ಇದಕ್ಕೆ ನನ್ನ ಬಳಿ ಉಪಾಯ ಇರಲಿಲ್ಲ. “ಇರ್ಲಿ ಬಿಡ್ರಿ, ಬಂದವರು ಹೋದವರು ಕುಂದ್ರತಾರ,” ಎಂದು ಗುರುತನ್ನು ಅಳಿಸದೆ ಬಿಟ್ಟೆ. ಸೊಸೆ ಒಲೆಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಉಸ್ತಾದರಿಗೂ ನನಗೂ ಕರೆ ಬಂದಿತ್ತು. ನಾವು ಹೋಗುವಷ್ಟರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳು ಬುಟ್ಟಿ ತುಂಬಿದ್ದವು, ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಪಾತ್ರೆಗೆ ಬಟ್ಟೆ ಕಟ್ಟಿದ್ದರು. ಆಯಿಯ ಕೈ ಇನ್ನೂ ನಿಂತಿರಲಿಲ್ಲ. ಹೊಲಕ್ಕೆ ಹೊರಡುವ ಮುಂಚೆ ಮನೆಯವರಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದರು. ಚಮಚ ಅಲುಗಲಿಲ್ಲ, ಮಿಕ್ಸರ್ ನಡೆಯಲಿಲ್ಲ. ಮಗ, ಮಕ್ಕಳು, ಉಸ್ತಾದರು, ನಾನು, ಎಲ್ಲರೂ ಬೆಂಚು ತುಂಬಿ ಕೂತೆವು. ಬುಟ್ಟಿ ನೋಡಿ ಮಗ, “ಅವ್ವಾ, ಇಡೀ ಆಡಕಿಗಿ ಹಂಚೂವಷ್ಟು ಮಾಡೀಯಲ್ಲ!” ಎಂದ. ಆಯಿ ಹೆಮ್ಮೆಯಿಂದ ನನ್ನ ಕಡೆ ನೋಡಿದರು.

ಆಗ ಸೊಸೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದು ಆಯಿಯ ಪಕ್ಕ ನಿಂತಳು.

“ಅತ್ತೀ, ಏಳ್ರಿ. ಆ ಕಡಿ ಕುಂದ್ರಿ.”

“ಯಾಕ?”

“ನಿಮಗ ಒಂದು ರೊಟ್ಟಿ ಬಡೀತೀನಿ.”

“ನಿಂಗೆಲ್ಲಿ ಬರ್ತದ?”

“ಬರಲ್ಲ. ಏಳ್ರಿ.”

ಆಯಿ ಎದ್ದು, ಕಲ್ಲು ಹಿಡಿದುಕೊಂಡು ಈ ಕಡೆ ಬಂದು, ನಾನು ಎದ್ದು ಬಿಟ್ಟುಕೊಟ್ಟ ಐದನೆಯ ಜಾಗದಲ್ಲಿ ಕೂತರು. ಮುಂದೆ ತಾಟು ಇಟ್ಟಾಗ ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಸೊಸೆ ಅತ್ತೆಯ ಕುರ್ಚಿಯಲ್ಲಿ ಕೂತು ಬಡಿದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಹಂಚಿಗೆ ಹಾಕುವಾಗ ಮೂಲೆ ಮುರಿಯಿತು. ಮಕ್ಕಳು ಕಿಸಕ್ಕೆಂದರು. ಆಕೆ ಬಿಡಲಿಲ್ಲ. ನೀರು ಸವರಿ, ತಿರುವಿ, ಬೇಯಿಸಿ, ಬೆರಳು ಸುಟ್ಟುಕೊಂಡು, ಹಬೆಯಾಡುತ್ತಿದ್ದುದನ್ನು ನೇರವಾಗಿ ಅತ್ತೆಯ ತಾಟಿಗೆ ಹಾಕಿದಳು.

ಆಯಿ ಒಂದು ತುಂಡು ಮುರಿದು ಬಾಯಿಗಿಟ್ಟರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

“ಹೆಂಗದರಿ ಅತ್ತೀ?”

ಆಯಿ ಇನ್ನೊಂದು ತುಂಡು ಮುರಿದು, ಅಂಗೈಯಲ್ಲೇ ಹಿಡಿದುಕೊಂಡು ನೋಡಿದರು.

“ಬಿಸಿ ಅದ,” ಎಂದರು.